ಕಾಯಕ, ವ್ಯಾಯಾಮ ಮತ್ತು ಮೊಬೈಲಿನ ಕ್ಯಾಲೊರಿ ಲೆಕ್ಕ

ತೂಕ ಇಳಿಸಿಕೊಳ್ಳಲು ಮೊಬೈಲ್ ಆ್ಯಪ್‌ಗಳನ್ನು ಆಶ್ರಯಿಸುವ ಸದ್ಭಕ್ತರು ಇತ್ತೀಚೆಗೆ ನಮ್ಮಲ್ಲಿ ಪದೇ ಪದೇ ಒಂದು ಪ್ರಶ್ನೆ ಕೇಳುತ್ತಾರೆ: “ವಾರಕ್ಕೆ ಐದು ದಿನ ನಡೆಯುತ್ತೇನೆಂದು ಆ್ಯಪ್‌ನಲ್ಲಿ ಬರೆದೆ, ಆದರೂ ಅದು ಹೇಳುವ ಊಟದ ಮಿತಿ ಸ್ವಲ್ಪವೂ ಹೆಚ್ಚಲಿಲ್ಲವಲ್ಲ?” ಇದಕ್ಕೆ ಉತ್ತರ ತಿಳಿಯದೆ, ತಿಂಗಳುಗಟ್ಟಲೆ ನಡೆದೂ ತೂಕ ಇಳಿಯದವರನ್ನು ಮತ್ತು ಅರೆಹೊಟ್ಟೆಯಲ್ಲಿ ನಡೆದು ತಲೆಸುತ್ತಿ ಕುಳಿತವರನ್ನು ನಾವು ಕಂಡಿದ್ದೇವೆ.

ಆ್ಯಪ್ ಮೊದಲು ನಮ್ಮ ವಯಸ್ಸು, ಎತ್ತರ, ತೂಕಗಳನ್ನು ಕೇಳಿ, ವಿಶ್ರಾಂತಿಯಲ್ಲಿದ್ದಾಗಲೂ ದೇಹಕ್ಕೆ ಬೇಕಾಗುವ ಶಕ್ತಿಯನ್ನು ಅಂದಾಜು ಮಾಡುತ್ತದೆ. ಅನಂತರ ದಿನದ ಚಟುವಟಿಕೆ ಎಷ್ಟೆಂದು ಕೇಳುತ್ತದೆ. ಗೊಂದಲ ಹುಟ್ಟುವುದು ಇಲ್ಲಿಯೇ. ಕೆಲವು ಆ್ಯಪ್‌ಗಳು ಇಲ್ಲಿ ಕೇಳುವುದು ನಮ್ಮ ಕಾಯಕವನ್ನು ಮಾತ್ರ: ದಿನವಿಡೀ ಕುಳಿತಿರುವೆವೋ, ನಿಂತು ದುಡಿಯುವೆವೋ ಎಂಬುದನ್ನು. ಮೈಫಿಟ್ನೆಸ್‌ಪಾಲ್ ಈ ಬಗೆಯದು. ಅದರಲ್ಲಿ ಮುಂದೆ ಮಾಡಲಿರುವ ವ್ಯಾಯಾಮದ ಗುರಿ ಕೇವಲ ಸಂಕಲ್ಪ. ಅದರಿಂದ ಆಹಾರದ ಮಿತಿ ಬದಲಾಗದು. ವ್ಯಾಯಾಮ ಮಾಡಿ ಮುಗಿಸಿ ದಾಖಲಿಸಿದ ದಿನ ಮಾತ್ರ ಮಿತಿ ಹೆಚ್ಚುತ್ತದೆ. ಇನ್ನು ಕೆಲವು ಲೆಕ್ಕಗಳಲ್ಲಿ ಕಾಯಕ, ವ್ಯಾಯಾಮಗಳೆರಡನ್ನೂ ಮೊದಲೇ ಕೂಡಿಸಿ ಪ್ರತಿದಿನಕ್ಕೂ ಒಂದೇ ಮಿತಿ ಹಾಕಲಾಗುತ್ತದೆ. ಎರಡೂ ಸರಿಯೇ. ಎರಡನ್ನೂ ಬೆರೆಸಿದರೆ ತಪ್ಪು.

ಒಂದು ಉದಾಹರಣೆ ನೋಡೋಣ. 50 ವರ್ಷ, 80 ಕಿಲೋ ತೂಕ, 168 ಸೆಂ.ಮೀ. ಎತ್ತರದ ಪುರುಷರೊಬ್ಬರು ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವವರು ಎನ್ನೋಣ. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದಂತೆ ಅವರ ವಿಶ್ರಾಂತಿಯ ವ್ಯಯ ದಿನಕ್ಕೆ 1,605 ಕ್ಯಾಲೊರಿ. ಕುಳಿತು ಮಾಡುವ ಕೆಲಸಕ್ಕೆ ಅದನ್ನು 1.2ರಿಂದ ಗುಣಿಸಿದರೆ 1,926. ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಯಲೆಂದು 500 ಕಳೆದರೆ ಆಹಾರದ ಮಿತಿ 1,426.

ಅವರು ಒಂದು ಗಂಟೆ ಚುರುಕಾಗಿ ನಡೆದರೆ ಸುಮಾರು 280 ಕ್ಯಾಲೊರಿ ವ್ಯಯವಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಸುಮ್ಮನೆ ಕುಳಿತಿದ್ದರೂ 80 ವ್ಯಯವಾಗುತ್ತಿತ್ತು. ಅದು ಮೊದಲಿನ ಲೆಕ್ಕದಲ್ಲೇ ಸೇರಿದೆ. ನಡಿಗೆಯಿಂದ ನಿಜವಾಗಿ ಹೆಚ್ಚಿದ್ದು 200 ಮಾತ್ರ, ಅಂದರೆ ಸುಮಾರು 60 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿಗಳಷ್ಟು.

ಇವರೇ “ನಾನು ನಡೆಯುವವನು” ಎಂದು ಚಟುವಟಿಕೆಯ ಮೇಲಿನ ಹಂತವನ್ನು ಆರಿಸಿದರೆಂದು ಭಾವಿಸಿ. ಆಗ 1,605ನ್ನು 1.375ರಿಂದ ಗುಣಿಸಿ 500 ಕಳೆದಾಗ ಮಿತಿ 1,707 ಆಗುತ್ತದೆ. ಸಂಜೆ ಅದೇ ನಡಿಗೆಯನ್ನು ಮತ್ತೆ ದಾಖಲಿಸಿದರೆ 280 ಸೇರಿ 1,987. ಆ ದಿನದ ನಿಜವಾದ ವ್ಯಯ 2,126 ಮಾತ್ರ. 500 ಇರಬೇಕಾದ ಕೊರತೆ 139ಕ್ಕೆ ಇಳಿಯಿತು! ಒಂದೇ ನಡಿಗೆಗೆ ಎರಡು ಬಾರಿ ಊಟ ಮಾಡಿದಂತಾಯಿತು. ಮೊಬೈಲಿನ ಹೆಜ್ಜೆ ಎಣಿಕೆಯೂ ತಾನಾಗಿ ಸೇರಿಕೊಂಡರೆ ಮೂರನೆಯ ಬಾರಿಯೂ ಆದೀತು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಚಟುವಟಿಕೆಯ ಹಂತವನ್ನು ಕಾಯಕ ನೋಡಿ ಆರಿಸಿರಿ. ವ್ಯಾಯಾಮವನ್ನು ಮಾಡಿದ ಮೇಲೆ, ಒಂದೇ ಕಡೆ ದಾಖಲಿಸಿರಿ. ಆ್ಯಪ್ ಹೆಚ್ಚಿಸಿ ಕೊಟ್ಟ ಕ್ಯಾಲೊರಿಯಲ್ಲಿ ಅರ್ಧದಷ್ಟನ್ನು ಮಾತ್ರ, ಅದೂ ಹಸಿವಿದ್ದರೆ, ಸೇವಿಸಿರಿ. ಮೂರು ನಾಲ್ಕು ವಾರ ತೂಕದ ಗತಿ ನೋಡಿ ಮಿತಿಯನ್ನು ಸರಿಪಡಿಸಿಕೊಳ್ಳಿರಿ. ಶ್ರೀಶೈಲ ಪಾದಯಾತ್ರೆಯಂತಹ ದಿನಗಳಲ್ಲಿ ತೂಕ ಇಳಿಸುವ ಮಿತಿಯನ್ನು ಬದಿಗಿಟ್ಟು, ದಾರಿಯ ದಾಸೋಹದಲ್ಲಿ ಹಸಿವು ತೀರುವಷ್ಟು ಪ್ರಸಾದ ಸ್ವೀಕರಿಸಿರಿ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ಸೇವಿಸುವವರು ವಿಶೇಷ ಎಚ್ಚರ ವಹಿಸಬೇಕು. ಆಹಾರ ಕಡಿಮೆಯಾಗಿ, ನಡಿಗೆ ಹೆಚ್ಚಾದಾಗ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಡುಕ, ಬೆವರು, ಮಂಕು ಕವಿದಂತಾದರೆ ಕೂಡಲೇ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಬೇಕು. ತೂಕ ಇಳಿಸಲು ಆರಂಭಿಸುವ ಮೊದಲೇ ತಮ್ಮ ವೈದ್ಯರಿಗೆ ತಿಳಿಸಬೇಕು. ಔಷಧದ ಪ್ರಮಾಣವನ್ನು ತಾವೇ ಬದಲಿಸಬಾರದು.

ಆಯುರ್ವೇದವು ಅರ್ಧಶಕ್ತಿ ವ್ಯಾಯಾಮವನ್ನು ವಿಧಿಸಿದೆ. ಹಣೆಯಲ್ಲಿ ಬೆವರು ಮೂಡಿ, ಬಾಯಿ ಒಣಗತೊಡಗಿದರೆ ನಿಲ್ಲಿಸಬೇಕೆಂಬುದು ಅದರ ಲಕ್ಷಣ. ಆ್ಯಪ್ ಕೊಡುವುದು ಅಂದಾಜು. ದೇಹ ಕೊಡುವುದು ಸೂಚನೆ. ಅಂದಾಜನ್ನು ಒಮ್ಮೆ ಸರಿಯಾಗಿ ಬರೆದಿಟ್ಟು, ಸೂಚನೆಯನ್ನು ಪ್ರತಿದಿನವೂ ಗಮನಿಸಿದರೆ ಕಾಯ ಹಗುರಾಗುತ್ತದೆ, ಕಾಯಕಕ್ಕೂ ಬಲ ಉಳಿಯುತ್ತದೆ.