ಬೆಣೆ ಹಿಡಿಯುವುದೂ ಸೀಳುವುದೂ

ಗುದ್ದಲಿಯ ಕಾವು ಸಡಿಲವಾದರೆ ಹಳ್ಳಿಯಲ್ಲಿ ಯಾರೂ ಅಂಗಡಿಗೆ ಓಡುವುದಿಲ್ಲ. ಮರದ ಚೂರೊಂದನ್ನು ಕೆತ್ತಿ ಸಂದಿಗೆ ಬೆಣೆ ಹೊಡೆಯುತ್ತಾರೆ. ಬೆಣೆ ಒಳಗೆ ಇಳಿದಷ್ಟೂ ಅಕ್ಕಪಕ್ಕಕ್ಕೆ ಒತ್ತುತ್ತದೆ, ಕಾವು ಬಿಗಿಯಾಗುತ್ತದೆ. ಕಲ್ಲುಕ್ವಾರಿಯಲ್ಲಿ ಸಾಲು ತೂತುಗಳಿಗೆ ಅಂಥದೇ ಬೆಣೆಗಳನ್ನು ಇಳಿಸಿ ಬಡಿದರೆ ಆಳೆತ್ತರದ ಬಂಡೆ ಗೆರೆ ಎಳೆದಂತೆ ಸೀಳುತ್ತದೆ. ಕಾಂಕ್ರೀಟಿಗೆ ಹೊಡೆಯುವ ಆಂಕರ್ ಫಾಸ್ನರ್ ಈ ಎರಡರ ನಡುವಿನದು: ಕಾವಿನ ಬೆಣೆಯಂತೆ ಹಿಡಿಯಬೇಕು, ಕ್ವಾರಿಯ ಬೆಣೆಯಂತೆ ಸೀಳಬಾರದು.

ಹಳೆಯ ಮನೆಗಳಲ್ಲಿ ಜೋಕಾಲಿ ಮರದ ತೊಲೆಗೆ ತೂಗುತ್ತಿತ್ತು. ಈಗ ತೊಲೆಯಿಲ್ಲ, ಆರ್‌ಸಿಸಿ ಇದೆ. ಜೋಕಾಲಿಯ ಆಸೆ ಮಾತ್ರ ಹೋಗಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ದಪ್ಪದ್ದು ಹಾಕಿ ಸಾರ್, ಏನೂ ಆಗಲ್ಲ.’ ದಪ್ಪದ ಈ ಮಾತಿನಲ್ಲೇ ಎಡವಟ್ಟಿರುವುದು.

ಫಾಸ್ನರ್ ಒಳಗಿನ ಯುಕ್ತಿ ಸರಳ. ಬೋಲ್ಟಿನ ತುದಿ ಶಂಕುವಿನಂತೆ ಉಬ್ಬಿರುತ್ತದೆ, ಅದರ ಕೊರಳಿಗೆ ಸೀಳಿರುವ ತಗಡಿನ ಪಟ್ಟಿಯೊಂದು ಸುತ್ತಿರುತ್ತದೆ. ತೂತಿಗೆ ತೂರಿಸಿ ನಟ್ ಬಿಗಿದರೆ ಬೋಲ್ಟ್ ಹೊರಕ್ಕೆ ಜಗ್ಗಿ, ಶಂಕು ಪಟ್ಟಿಯೊಳಗೆ ನುಗ್ಗಿ, ಪಟ್ಟಿ ಅರಳಿ ತೂತಿನ ಗೋಡೆಯನ್ನು ಒತ್ತುತ್ತದೆ. ಹಿಡಿತವೆಲ್ಲ ಆ ಘರ್ಷಣೆಯದು. ನಟ್ಟಿಗೆ ಕೊಟ್ಟ ಬಿಗಿ ದಿನ ಕಳೆದಂತೆ ಸುಮಾರು ಅರ್ಧಕ್ಕೆ ಇಳಿಯುವುದುಂಟು. ಆದರೆ ಭಾರ ಬಿದ್ದಾಗ ಶಂಕು ಇನ್ನಷ್ಟು ಎಳೆದುಕೊಂಡು ಮತ್ತೆ ಕಚ್ಚುತ್ತದೆ. ಇನ್ನೊಂದು ಬಗೆಯಾದ, ಬಡಿದು ಅರಳಿಸುವ ಬುಲೆಟ್ ಫಾಸ್ನರ್‌ಗೆ ಈ ಗುಣವಿಲ್ಲ. ಅದನ್ನು ಮೊದಲ ದಿನವೇ ಪಂಚ್ ಇಟ್ಟು ಪೂರ್ತಿ ಬಡಿದು ಅರಳಿಸಬೇಕು. ಅರ್ಧಕ್ಕೆ ಕೈಬಿಟ್ಟರೆ ಕೊನೆಯವರೆಗೂ ಅರ್ಧವೇ.

ಹೆಚ್ಚು ಭಾರ ಹಾಕಿದರೆ ಮೊದಲು ಸೋಲುವುದು ಯಾವುದು? ಬಹಳ ಸಲ ಬೋಲ್ಟ್ ಅಲ್ಲ, ಕಾಂಕ್ರೀಟ್. ಒತ್ತಿದರೆ ಅದು ಗಟ್ಟಿ. ಎಳೆದರೆ ಅದರ ಶಕ್ತಿ ಸುಮಾರು ಹತ್ತನೇ ಒಂದು ಪಾಲು. ಬೋಲ್ಟ್ ಜೊತೆಗೆ ಆಲಿಕೆಯಾಕಾರದ ಕಾಂಕ್ರೀಟ್ ಮುದ್ದೆ ಕಿತ್ತುಬರುತ್ತದೆ. ಅದರ ಬಾಯಿ ಆಳದ ಮೂರರಷ್ಟು ಅಗಲ: 50 ಮಿ.ಮೀ. ಆಳಕ್ಕೆ 150 ಮಿ.ಮೀ. ಸಾಮಾನ್ಯ ದರ್ಜೆಯ 10 ಮಿ.ಮೀ. ಬೋಲ್ಟಿನ ಉಕ್ಕು ತುಂಡಾಗಲು ಸುಮಾರು 3 ಟನ್ ಬೇಕು. ಎಂ20 ಕಾಂಕ್ರೀಟಿನಲ್ಲಿ 50 ಮಿ.ಮೀ. ಆಳದ ಆಲಿಕೆ ಅದರ ಅರ್ಧಕ್ಕೇ ಕಿತ್ತುಬರುವ ಲೆಕ್ಕ. ಇವೆರಡೂ ಮುರಿಯುವ ಭಾರಗಳು. ನಾವು ನೇತುಹಾಕುವುದು ಇದಕ್ಕಿಂತ ಬಹಳ ಕಡಿಮೆ ಇರಬೇಕು. ಬೋಲ್ಟ್ ದಪ್ಪ ಮಾಡಿದರೆ ಈ ಆಲಿಕೆ ದೊಡ್ಡದಾಗುವುದಿಲ್ಲ. ಆಳ 50ರಿಂದ 80ಕ್ಕೆ ಹೋದರೆ ಹಿಡಿತ ಹೆಚ್ಚುಕಡಿಮೆ ಇಮ್ಮಡಿ.

ಆಳ ಎಂದರೆ ಕಾಂಕ್ರೀಟಿನೊಳಗಿನ ಆಳ. ಮೇಲಿನ ಗಾರೆ ಲೆಕ್ಕಕ್ಕಿಲ್ಲ. ಗೋಡೆಯ ಗಾರೆ 12 ಮಿ.ಮೀ. ಇದ್ದರೆ ಅಷ್ಟೂ ದಂಡ. ಅಕ್ಕಪಕ್ಕದ ಎರಡು ಬೋಲ್ಟುಗಳ ಆಲಿಕೆಗಳು ಒಂದರೊಳಗೊಂದು ನುಗ್ಗಿದರೆ ಎರಡು ಹಾಕಿಯೂ ಎರಡರ ಬಲ ಸಿಗದು. ಆಳದ ಮೂರರಷ್ಟು ಅಂತರ ಬೇಕು, ಅಂಚಿನಿಂದ ಒಂದೂವರೆಯಷ್ಟು. ಬೀಮಿನ ಅಂಚಿಗೆ ತೀರಾ ಹತ್ತಿರ ಕೊರೆದು ಬಿಗಿದರೆ ನಮ್ಮ ಫಾಸ್ನರ್ ಕ್ವಾರಿಯ ಬೆಣೆಯಾಗುತ್ತದೆ. ಹಾಲೋ ಬ್ಲಾಕ್ ಗೋಡೆಗಂತೂ ಇದು ಬೇಡವೇ ಬೇಡ, ಅರಳಿದರೂ ಒತ್ತಲು ಅಲ್ಲಿ ಏನಿದೆ?

ತೂತು ಕೊರೆಯುವಾಗಲೇ ಅರ್ಧ ಕೆಲಸ ಕೆಡುವುದು. ಡ್ರಿಲ್ ಬಿಟ್ಟಿನ ಅಳತೆ ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ಇರಬೇಕು. ಅಲ್ಲಾಡಿಸಿ ಕೊರೆದರೆ ತೂತು ಅಗಲವಾಗಿ ಪಟ್ಟಿಗೆ ಗೋಡೆಯೇ ಸಿಗದು. ಒಳಗುಳಿದ ಹುಡಿಯನ್ನು ಊದಿ, ಬ್ರಷ್ ಆಡಿಸಿ, ಮತ್ತೆ ಊದಿ ತೆಗೆಯಬೇಕು. ಹಿಟ್ಟು ಉದುರಿಸಿದ ಮಣೆಯ ಮೇಲೆ ರೊಟ್ಟಿ ಜಾರುವುದನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ. ಕಂಬಿ ತಾಕಿದರೆ ಜಾಗ ಬದಲಿಸಿ. ಕಂಬಿ ಕಡಿದಾದರೂ ಅಲ್ಲೇ ಕೂರಿಸುವ ಹಟ ಬೇಡ, ಸೂರನ್ನು ಹಿಡಿದಿರುವುದೇ ಅದು. ಇನ್ನು ಬಿಗಿತ. ಸ್ಪ್ಯಾನರ್‌ಗೆ ಹಾಕಿದ ಬಲದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಎಳೆ ಮತ್ತು ವಾಷರಿನ ಘರ್ಷಣೆಗೇ ಖರ್ಚು. ಆದ್ದರಿಂದ ಕೈಯಂದಾಜು ಮೋಸ ಮಾಡುತ್ತದೆ. ತಯಾರಕರು ಹೇಳಿದ ಅಂಕಿಗೆ ಟಾರ್ಕ್ ಸ್ಪ್ಯಾನರ್ ಬಳಸುವುದೇ ದಾರಿ.

ಈಗ ಜೋಕಾಲಿಗೆ ಬರೋಣ. ಸೂರಿನ ನಡುಭಾಗ ತನ್ನ ಭಾರಕ್ಕೇ ಕೊಂಚ ಬಾಗುತ್ತದೆ, ತಳಮೈ ಹಿಗ್ಗುತ್ತದೆ, ಕೂದಲೆಳೆ ಬಿರುಕುಗಳು ಅಲ್ಲೇ ಏಳುವುದು. ಬಿರುಕು ತೂತಿನ ಮೂಲಕ ಹಾದರೆ ತೂತು ಅಗಲವಾಗಿ ಹಿಡಿತದ ಸುಮಾರು ಮೂರನೇ ಒಂದು ಪಾಲು ಹೋಗುತ್ತದೆ. ಹಾಗಾಗಿ ಬಿರುಕುಬಿಟ್ಟ ಕಾಂಕ್ರೀಟಿಗೂ ಆಗುತ್ತದೆ ಎಂದು ಪ್ರಮಾಣ ಪಡೆದ ಫಾಸ್ನರ್‌ಗಳೇ ಬೇರೆ ಇವೆ. ಇದರ ಮೇಲೆ ತೂಗಾಟ. ಹಗ್ಗ 60 ಡಿಗ್ರಿವರೆಗೆ ಹೋಗಿ ಮರಳಿದರೆ ತಳದಲ್ಲಿ ಎಳೆತ ಕುಳಿತವರ ತೂಕದ ಎರಡರಷ್ಟು. ದಿನವೂ ಸಾವಿರ ಸಲ ಹೀಗೆ ಜಗ್ಗಿದರೆ ನಟ್ ಸಡಿಲವಾಗುತ್ತದೆ.

ಹಾಗಾದರೆ ಅರಳಿಸುವ ಬದಲು ಬೋಲ್ಟನ್ನು ಅಂಟು ಹಾಕಿ ಕೂರಿಸಿದರೆ? ಅದಕ್ಕೂ ಅದರದೇ ರೋಗವಿದೆ. 2006ರ ಜುಲೈ 10ರಂದು ಅಮೆರಿಕದ ಬಾಸ್ಟನ್ನಿನ ಸುರಂಗವೊಂದರಲ್ಲಿ ಕಾಂಕ್ರೀಟ್ ಫಲಕಗಳ ಸೂರು ಕುಸಿದು ಕಾರಿನಲ್ಲಿದ್ದ ಮಹಿಳೆಯೊಬ್ಬರು ಸತ್ತರು. ಅಲ್ಲಿನ ಆಂಕರ್‌ಗಳನ್ನು ಎಪಾಕ್ಸಿ ಅಂಟಿನಿಂದ ಕೂರಿಸಿದ್ದರು. ಸದಾ ಜಗ್ಗುವ ಭಾರಕ್ಕೆ ಅಂಟು ಕೂದಲೆಳೆಯಷ್ಟಾಗಿ ಸರಿಯುತ್ತಾ ಬಂದು ಕೊನೆಗೆ ಬಿಟ್ಟುಕೊಟ್ಟಿತ್ತು.

ಮನೆ ಇನ್ನೂ ಕಟ್ಟುತ್ತಿದ್ದರೆ ಇಷ್ಟೆಲ್ಲ ತಲೆನೋವಿಲ್ಲ. ಮೋಲ್ಡ್ ಹಾಕುವ ಹಿಂದಿನ ದಿನ ಕಂಬಿ ಕಟ್ಟುವವರಿಗೆ ಜಾಗ ತೋರಿಸಿ, ದಪ್ಪ ಕಂಬಿಯ ಕೊಕ್ಕೆಯನ್ನು ಸೂರಿನ ಕಂಬಿಗಳ ಮೇಲಿಂದ ಬಳಸಿ ಕಟ್ಟಿಸಿಬಿಡಿ. ಜೋಕಾಲಿ ಆಮೇಲೆ ಯಾವಾಗ ಬೇಕಾದರೂ ಕೊಳ್ಳಬಹುದು.