ಚುಚ್ಚುವ ಕಂಬಳಿಯ ಗುಣ

ಭರಮಸಾಗರದಲ್ಲಿ ನಮ್ಮದು ಬಟ್ಟೆ ಅಂಗಡಿ. ಒಂದು ಕಡೆ ನುಣುಪಾದ ಪಾಲಿಯೆಸ್ಟರ್ ರಗ್ಗುಗಳು, ಇನ್ನೊಂದು ಕಡೆ ಚಳ್ಳಕೆರೆ ಸೀಮೆಯ ಕರಿ ಕಂಬಳಿಗಳು. ಗಿರಾಕಿಗಳು ಎರಡನ್ನೂ ಕೆನ್ನೆಗೊತ್ತಿ ನೋಡಿ, "ಅಕ್ಕಾ, ಇದು ಚುಚ್ಚುತ್ತೆ" ಅಂತ ಕಂಬಳಿಯನ್ನು ಪಕ್ಕಕ್ಕಿಡುತ್ತಾರೆ. ಚುಚ್ಚುವುದು ನಿಜ. ಆದರೆ ಕಂಬಳಿಯ ಯೋಗ್ಯತೆಯನ್ನು ಕೆನ್ನೆಯೊಂದೇ ಹೇಳಲಾರದು.

ಚುಚ್ಚುವುದಕ್ಕೆ ಎಳೆಯ ದಪ್ಪವೇ ಕಾರಣ. ಅದನ್ನು ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಲ್ಲಿ ಅಳೆಯುತ್ತಾರೆ. ಸುಮಾರು 30 ಮೈಕ್ರಾನ್ ದಾಟಿದ ಎಳೆಯ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ. ಲಡಾಖಿನ ಮೇಕೆಯ ಒಳಗೂದಲಾದ ಪಶ್ಮೀನಾ 15ರ ಆಸುಪಾಸು. ಮೆರಿನೊ ಕುರಿಯದು ಸಾಮಾನ್ಯವಾಗಿ 24ರೊಳಗೆ. ನಮ್ಮ ಬಯಲುಸೀಮೆಯ ದಖನಿ, ಬಳ್ಳಾರಿ ತಳಿಗಳಲ್ಲಿ 30 ದಾಟಿದ ಎಳೆಗಳೇ ಹೆಚ್ಚು. ಅದು ಶಾಲಿಗೆ ಒಗ್ಗದು. ಕಣದಲ್ಲಿ ಹಾಸಿ, ಮಳೆಗೆ ಕೊಪ್ಪೆ ಹಾಕಿ, ಜಾಲಿಮುಳ್ಳಿಗೆ ತಗುಲಿಸಿಕೊಂಡು ವರ್ಷಗಟ್ಟಲೆ ಬಾಳಬೇಕಾದರೆ ಆ ಒರಟುತನವೇ ಬೇಕು.

ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದಂತೆ ಹುರುಪೆಗಳಿವೆ. ಅವುಗಳ ಮೇಲಿನ ಜಿಡ್ಡಿನ ತೆಳುಪದರದಿಂದ ತುಂತುರು ಹನಿ ಜಾರಿಹೋಗುತ್ತದೆ. ಒಳಗಿನ ಕೆರಾಟಿನ್ ಮಾತ್ರ ಗಾಳಿಯ ತೇವವನ್ನು ಹೀರುತ್ತದೆ. ತನ್ನ ತೂಕದ ಹೆಚ್ಚುಕಡಿಮೆ ಮೂರನೇ ಒಂದು ಪಾಲಿನಷ್ಟು ಹೀರಿದರೂ ಕೈಗೆ ಹಸಿ ಅನ್ನಿಸದು. ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಅಂಕುಡೊಂಕು ಎಳೆಗಳ ನಡುವೆ ನಿಂತ ಗಾಳಿ ಮೈಶಾಖವನ್ನು ಕಾಯುತ್ತದೆ. ಹೊಲದಲ್ಲಿ ಮಂದೆ ಹಾಕಿ ಬಯಲಲ್ಲೇ ಮಲಗುವ ಕುರಿಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಅಸಲಿಯೇ ಎಂದು ಅನುಮಾನಿಸುವವರಿಗೆ ಅಂಚಿನ ಎಳೆಯೊಂದನ್ನು ಕಿತ್ತು ಕಡ್ಡಿ ಗೀರಿ ತೋರಿಸುತ್ತೇನೆ. ಉಣ್ಣೆಯಾದರೆ ಕೂದಲು ಸುಟ್ಟ ಕಮಟು ವಾಸನೆ. ಬೆಂಕಿ ಸರಿಸಿದರೆ ತಾನೇ ಆರುತ್ತದೆ, ಕರಿ ಬೆರಳಲ್ಲಿ ಪುಡಿಯಾಗುತ್ತದೆ. ರೇಷ್ಮೆಯೂ ಪ್ರಾಣಿಜನ್ಯ ಪ್ರೋಟೀನೇ ಆದ್ದರಿಂದ ಅದೇ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಹೊಸ ಕಂಬಳಿ ಬಿರುಸಾಗಿರುವುದಕ್ಕೆ ಹಾಸಿನ ನೂಲಿಗೆ ಬಳಿದ ಹುಣಸೆ ಬೀಜದ ಗಂಜಿಯೂ ಕಾರಣ, ಬಳಸುತ್ತ ಸಡಿಲಾಗುತ್ತದೆ. ಕಪ್ಪು ಕುರಿಯ ಮೈಬಣ್ಣವೇ ಆದ್ದರಿಂದ ಒಗೆದರೆ ಬಣ್ಣ ಬಿಡದು. ಬಿಸಿನೀರಲ್ಲಿ ತಿಕ್ಕಬಾರದು, ಹುರುಪೆಗಳು ಒಂದಕ್ಕೊಂದು ಸಿಕ್ಕಿ ಕಂಬಳಿ ಕುಗ್ಗುತ್ತದೆ. ಕೆರಾಟಿನ್ ತಿನ್ನುವ ಹುಳುವೂ ಉಂಟು. ಚೆನ್ನಾಗಿ ಬಿಸಿಲು ಕಾಣಿಸಿ ಮಡಿಸಿಡಿ.

ಒರಟು ಉಣ್ಣೆಗೆ ಕೊಳ್ಳುವವರಿಲ್ಲದಿದ್ದರೆ ಕತ್ತರಿಸುವ ಕೂಲಿಯೂ ಕುರಿಗಾರರ ಮೈಮೇಲೆ ಬೀಳುತ್ತದೆ. ಮಾಂಸಕ್ಕೆ ಬೆಲೆ ಇರುವಾಗ ಅವರು ಉಣ್ಣೆಯಿಲ್ಲದ ನೆಲ್ಲೂರು ತಳಿಯತ್ತ ವಾಲುವುದು ಸಹಜ. ಹಾಗಂತ ಕನಿಕರಕ್ಕಾಗಿ ಕಂಬಳಿ ಕೊಳ್ಳಿ ಎನ್ನಲಾರೆ. ಎಳೆಮಗುವಿಗೆ ಹೊದಿಸಲು ಬಂದವರಿಗೆ ಹತ್ತಿಯ ದುಪ್ಪಟಿಯನ್ನೇ ಕೊಡುತ್ತೇನೆ. ತಣ್ಣನೆ ನೆಲದ ಮೇಲೆ ಹಾಸಲು, ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವಾಗ ಹೊದೆಯಲು ಎಂದವರಿಗೆ ಮಾತ್ರ ರಗ್ಗು ಬಿಚ್ಚಿ ತೋರಿಸುವುದೇ ಇಲ್ಲ.