ಗುಡ್ಡದ ಮೇಲೆ ಆನೆ ಇರಲಿಲ್ಲ

ಮೇಲಿನ ತಲೆಬರಹ ಓದಿ ಮುಗಿಸುವಷ್ಟರಲ್ಲಿ ನಿಮ್ಮ ಮನಸ್ಸಿನಲ್ಲೊಂದು ಆನೆ ಬಂದು ಹೋಗಿರಬೇಕು. ಇಲ್ಲ ಎಂದು ಹೇಳುವುದಕ್ಕೇ ಹುಟ್ಟಿದ ವಾಕ್ಯ ಅದು. ಆದರೆ ಕನ್ನಡದಲ್ಲಿ ‘ಇಲ್ಲ’ ಬರುವುದು ಕೊನೆಗೆ. ಅಷ್ಟರೊಳಗೆ ಗುಡ್ಡ ಎದ್ದಿದೆ, ಅದರ ಮೇಲೆ ಆನೆ ನಿಂತೂ ಆಗಿದೆ. ತಡವಾಗಿ ಬಂದ ‘ಇರಲಿಲ್ಲ’ ಆನೆಯನ್ನು ಓಡಿಸಬಹುದು, ಹೆಜ್ಜೆಗುರುತನ್ನು ಅಳಿಸಲಾರದು. ಗಜೇಂದ್ರಗಡದವರಿಗೆ ಈ ಆಟ ಹೊಸತಲ್ಲ. ಕೋಟೆ ಹೊತ್ತ ಆ ಗುಡ್ಡ ಆನೆಯ ಹಾಗೆ ಕಾಣುತ್ತದೆ, ಅದಕ್ಕೇ ಊರಿಗೆ ಆ ಹೆಸರು ಎಂಬ ಮಾತು ಅಲ್ಲಿ ರೂಢಿಯಲ್ಲಿದೆ. ಹೆಸರು ಗೊತ್ತಿಲ್ಲದವನಿಗೆ ಅದು ಬರೀ ಕಲ್ಲುಗುಡ್ಡ. ಹೆಸರು ಕಿವಿಗೆ ಬಿದ್ದ ಮೇಲೆ ಬೆನ್ನು ಯಾವುದು, ಸೊಂಡಿಲು ಯಾವ ಕಡೆ ಎಂದು ಕಣ್ಣು ತಾನಾಗಿ ಹುಡುಕತೊಡಗುತ್ತದೆ. ಹೆಸರು ಅದನ್ನೇನೂ ಹೇಳಿಲ್ಲ. ‘ಗಜ’ ಎಂದಷ್ಟೇ ಅಂದು ಸುಮ್ಮನಾಗಿದೆ. ಉಳಿದದ್ದು ನೋಡುವವನ ಕೆಲಸ.

ಲಕ್ಷಣಗಳನ್ನು ಬೇಗ ಮುಗಿಸೋಣ. ಮಾತಿನಿಂದ ಮನಸ್ಸಿನಲ್ಲಿ ಏಳುವ ನೋಟ, ಸದ್ದು, ವಾಸನೆ, ಸ್ಪರ್ಶಗಳಿಗೆ ಪ್ರತಿಮೆ ಎನ್ನುತ್ತಾರೆ. ಒಂದು ಇನ್ನೊಂದರ ಹಾಗೆ ಎಂದರೆ ಉಪಮೆ. ಎರಡೂ ಒಂದೇ ಎಂದರೆ ರೂಪಕ. ಉಪಮೆಗೆ ನಾಲ್ಕು ಅಂಗ: ಉಪಮೇಯ, ಉಪಮಾನ, ಎರಡಕ್ಕೂ ಸಾಮಾನ್ಯವಾದ ಸಮಾನಧರ್ಮ, ‘ಅಂತೆ’ ಮುಂತಾದ ವಾಚಕ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತನ್ನ ಮೂರು ಪರಿಚ್ಛೇದಗಳಲ್ಲಿ ಕೊನೆಯದನ್ನು ಅರ್ಥಾಲಂಕಾರಗಳಿಗೇ ಮೀಸಲಿಟ್ಟಿದೆ. (ಕನ್ನಡದ ತಿರುಳಿರುವ ಸೀಮೆ ಎಂದು ಅದು ಗುರುತಿಸುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು, ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳನ್ನು ನಕಾಶೆಯ ಮೇಲೆ ಗೆರೆ ಎಳೆದು ಕೂಡಿಸಿ ನೋಡಿ. ನರಗುಂದ, ರೋಣ ಒಳಗೆ ಬೀಳುತ್ತವೆ. ಗಜೇಂದ್ರಗಡ ಗೆರೆಯ ಆಸುಪಾಸಿನಲ್ಲೇ ಇದೆ.)

ಹೊಸ ಓದುಗರೂ ಹೊಸ ಬರಹಗಾರರೂ ಎಡವುವುದು ಒಂದೇ ಜಾಗದಲ್ಲಿ: ಬಣ್ಣನೆ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ ಎಂಬ ನಂಬಿಕೆಯಲ್ಲಿ. ನರಗುಂದದ ಕಡೆಯ ಎರಿ ಹೊಲವನ್ನು ಬೇಸಿಗೆಯಲ್ಲಿ ತೋರಿಸಬೇಕಾಗಿದೆ ಎನ್ನೋಣ. ‘ಸುಡುಬಿಸಿಲಿಗೆ ಬೆಂದು ಬಸವಳಿದ, ಕಡುಗಪ್ಪಾದ, ವಿಶಾಲವಾದ, ಬಾಯ್ದೆರೆದ ಎರಿ ಹೊಲ’ ಎಂದು ಬರೆಯಬಹುದು. ನಾಲ್ಕು ವಿಶೇಷಣಗಳಾದವು, ಓದುವವನು ನಾಲ್ಕನ್ನೂ ಒಪ್ಪಿಕೊಂಡು, ಏನನ್ನೂ ಕಾಣದೆ ಮುಂದೆ ಹೋಗುತ್ತಾನೆ. ಬದಲಿಗೆ ‘ಎರಿ ಹೊಲದ ಬಿರುಕಿನಲ್ಲಿ ಬಿದ್ದ ಕುಡಗೋಲು ಕೈಗೆ ಸಿಗಲಿಲ್ಲ’ ಎಂದು ಬರೆಯಿರಿ. ಇಲ್ಲಿ ಹೊಲವನ್ನು ಬಣ್ಣಿಸುವ ವಿಶೇಷಣ ಒಂದೂ ಇಲ್ಲ. ಆದರೆ ಬಿರುಕಿನ ಆಳವನ್ನು ಓದುವವನೇ ಅಳೆಯಬೇಕಾಗುತ್ತದೆ. ಹಸಿಯಾದಾಗ ಉಬ್ಬಿ ಒಣಗಿದಾಗ ಸೆಟೆದು ಸೀಳುವ ಮಣ್ಣು ಅದು. ಅಷ್ಟು ಆಳಕ್ಕೆ ಸೀಳಬೇಕಾದರೆ ಎಷ್ಟು ತಿಂಗಳು ಹನಿ ಬಿದ್ದಿರಲಿಕ್ಕಿಲ್ಲ ಎಂಬ ಲೆಕ್ಕವನ್ನೂ ಅವನೇ ಹಾಕುತ್ತಾನೆ. ಮಣ್ಣಿನೊಳಗೆ ಮೊಣಕೈವರೆಗೆ ತೋಳಿಳಿಸಿ ತಡಕಾಡುವ ಮನುಷ್ಯನೊಬ್ಬ, ಯಾರೂ ಕರೆಯದೆ, ಬಂದು ಕೂತಿರುತ್ತಾನೆ. ಚಿತ್ರ ಮಾತಿನೊಳಗೆ ಇರುವುದಿಲ್ಲ. ಮಾತು ಕೊಡುವುದು ಸುಳಿವು. ಬಣ್ಣ ಓದುಗನ ಸ್ವಂತ ಗಂಟಿನದು. ಕಾಶ್ಮೀರದ ಆನಂದವರ್ಧನ ಒಂಬತ್ತನೆಯ ಶತಮಾನದಲ್ಲೇ ‘ಧ್ವನಿ’ ಎಂದು ಹೆಸರಿಟ್ಟದ್ದು ಹೇಳದೆಯೇ ತಿಳಿಸುವ ಈ ಬಗೆಯನ್ನು.

ಸುಳಿವಿನಷ್ಟೇ ಮುಖ್ಯವಾದದ್ದು ಅದು ಬರುವ ಸರದಿ. ಅಲಂಕಾರದ ಪಾಠಗಳಲ್ಲಿ ಇದಕ್ಕೆ ಸಲ್ಲಬೇಕಾದಷ್ಟು ಜಾಗ ಸಿಕ್ಕಿಲ್ಲ. ‘ಬಿರಿದ ಎರಿ ಹೊಲದಂಥ ಹಿಮ್ಮಡಿ’ ಎಂಬ ಮಾತನ್ನು ನಿಧಾನವಾಗಿ ಓದಿ. ಮೊದಲು ಕಣ್ಣಳತೆಯ ತನಕ ಹೊಲ ಹರಡುತ್ತದೆ. ಮರುಗಳಿಗೆ ಆ ಇಡೀ ಹೊಲ ಮಡಚಿಕೊಂಡು ಒಂದು ಹಿಮ್ಮಡಿಯೊಳಗೆ ಸೇರುತ್ತದೆ. ಈಗ ಅದನ್ನೇ ತಿರುಗಿಸಿ: ‘ಹಿಮ್ಮಡಿ ಎರಿ ಹೊಲದಂತೆ ಬಿರಿದಿತ್ತು.’ ಕಾಲು ಮೊದಲೇ ಎದುರಿಗಿದೆ. ಹೊಲದಂತೆ ಎಂದಾಗ ಏನು ಹೊಲದಂತೆ, ಕಪ್ಪೋ ಹಸಿಯೋ ಸಮತಟ್ಟೋ ಎಂದು ಮನಸ್ಸು ಒಂದು ಕ್ಷಣ ತೂಗಾಡಿ ‘ಬಿರಿದಿತ್ತು’ ಎಂಬಲ್ಲಿ ನೆಲ ಮುಟ್ಟುತ್ತದೆ. ಎರಡರಲ್ಲೂ ಹೋಲಿಕೆ ಒಂದೇ, ನೋಟ ಬೇರೆ. ರೂಪಕಸಮಾಸದಲ್ಲಿ ಸರದಿ ಮತ್ತೆ ಬೇರೆ: ‘ಸಂಸಾರಸಾಗರ’ ಎಂದಾಗ ಸಂಸಾರ ಮೊದಲು ಬಂದು, ಆಮೇಲೆ ನೀರು ಅದರ ಮೇಲೆ ಹರಿಯುತ್ತದೆ. ಇನ್ನು ಕನ್ನಡದ ಕೃದಂತಗಳು, ಷಷ್ಠಿಗಳು! ‘ಕಾಲಕಾಲೇಶ್ವರನ ಗುಡ್ಡದ ಮೆಟ್ಟಿಲ ಮೇಲೆ ಕೂತ ಮುದುಕಿಯ ಕೈಯೊಳಗಿನ ಊದಿನಕಡ್ಡಿಯ ಹೊಗೆ’ ಎಂಬಲ್ಲಿ ನಾವು ಗುಡ್ಡದಿಂದ ಮೆಟ್ಟಿಲಿಗೆ, ಮುದುಕಿಗೆ, ಕೈಗೆ, ಕೊನೆಗೆ ಒಂದು ಎಳೆ ಹೊಗೆಗೆ ಇಳಿಯುತ್ತೇವೆ. ಇಂಗ್ಲಿಷಿನಲ್ಲಿ ಇದೇ ನುಡಿಗಟ್ಟನ್ನು ಹೊಗೆಯಿಂದ ಶುರುಮಾಡಿ ಗುಡ್ಡಕ್ಕೆ ಹತ್ತಬೇಕು. ಅನುವಾದಕರು ಪದಗಳಿಗಿಂತ ಇಲ್ಲಿಯೇ ಹೆಚ್ಚು ಸೋಲುತ್ತಾರೆ.

ಇದೆಲ್ಲ ವ್ಯಾಕರಣದ ವರಸೆ, ಬರಹಗಾರನ ಹೆಚ್ಚುಗಾರಿಕೆ ಏನು ಬಂತು ಎಂದು ಕೇಳಬಹುದು. ವ್ಯಾಕರಣ ದಾರಿ ಕೊಡುತ್ತದೆ, ನಡೆಯುವವನು ಬೇರೆ. ಮನೆಮಾತಿನಲ್ಲೇ ‘ಅವ ಬಂದ’ ಎನ್ನುವ ಬದಲು ‘ಬಂದ ನೋಡ ಅವ’ ಎನ್ನುವವರು ಸರದಿ ಕೆಡಿಸಿ ಬಾಗಿಲನ್ನು ಮೊದಲು ತೆರೆದು, ಮುಖವನ್ನು ಆಮೇಲೆ ತೋರಿಸುತ್ತಾರೆ. ಇದನ್ನು ದೊಡ್ಡ ಅಳತೆಯಲ್ಲಿ ಮಾಡಿದವನು ಗದುಗಿನ ಕುಮಾರವ್ಯಾಸ. ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂಬ ಬಿರುದನ್ನು ಎಲ್ಲರೂ ಹೇಳುತ್ತಾರೆ, ಆದರೆ ಆ ರೂಪಕಗಳು ಕಿವಿಗಾಗಿ ಹುಟ್ಟಿದವು ಎಂಬುದನ್ನು ಮರೆಯುತ್ತಾರೆ. ಗಮಕಿ ಓದುವಾಗ ಕೇಳುವವನಿಗೆ ಪುಟ ಹಿಂದೆ ತಿರುವುವ ಅನುಕೂಲವಿಲ್ಲ. ಅವನು ಬಳಸಿದ ಭಾಮಿನಿ ಷಟ್ಪದಿಯ ಸಣ್ಣ ಸಾಲುಗಳಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲುಗಳಿಗೆ 23. ಎರಡು ಗಿಡ್ಡ ಸಾಲುಗಳಲ್ಲಿ ಹೊತ್ತು ತಂದದ್ದನ್ನು ಇಳಿಸಲು ಆ ಉದ್ದ ಸಾಲು ಕಟ್ಟೆಯ ಹಾಗೆ ಒದಗುತ್ತದೆ. ಚಿತ್ರ ಎಲ್ಲಿ ಮೂಡಬೇಕು, ಎಲ್ಲಿ ತಡೆದು ನಿಲ್ಲಬೇಕು ಎಂಬುದರಲ್ಲಿ ಛಂದಸ್ಸಿನ ಪಾಲೂ ಇದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಎಲ್ಲರ ಮನಸ್ಸಿನಲ್ಲೂ ಚಿತ್ರ ಮೂಡುವುದೇ ಇಲ್ಲವಲ್ಲ! 1880ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಬೆಳಗಿನ ತಿಂಡಿಯ ಮೇಜನ್ನು ನೆನೆಸಿಕೊಂಡು ಕಂಡದ್ದನ್ನು ಹೇಳಿ ಎಂದು ಜನರನ್ನು ಕೇಳಿದಾಗ, ಏನೂ ಕಾಣುವುದಿಲ್ಲ ಎಂದವರಿದ್ದರು. ಅವರಲ್ಲಿ ವಿಜ್ಞಾನಿಗಳೂ ಇದ್ದರು. 2015ರಲ್ಲಿ ಆಡಂ ಜೆಮನ್ ಮತ್ತು ಸಂಗಡಿಗರು ಈ ಸ್ಥಿತಿಗೆ ‘ಅಫಾಂಟೇಸಿಯ’ ಎಂದು ಹೆಸರಿಟ್ಟರು. ಅಂಥವರಿಗೆ ಪ್ರತಿಮೆ ದಂಡವೇ? ಅಲ್ಲ. ಕುಡಗೋಲು ಕೈಗೆ ಸಿಗಲಿಲ್ಲ ಎಂಬಲ್ಲಿ ಬಿರುಕು ಕಣ್ಣಿಗೆ ಕಟ್ಟದಿದ್ದರೂ ಆಳದ ಅರಿವು ಆಗುತ್ತದೆ, ಬರದ ಲೆಕ್ಕ ತಪ್ಪುವುದಿಲ್ಲ. ಎರಿ ಮಣ್ಣನ್ನೇ ಕಾಣದ ಮಲೆನಾಡಿನ ಓದುಗನ ಕಥೆಯೂ ಇಷ್ಟೇ. ಅವನ ಬಿರುಕು ರೋಣದವನ ಬಿರುಕಿನಷ್ಟು ಅಗಲವಿರಲಿಕ್ಕಿಲ್ಲ, ಆದರೆ ಸಮಾನಧರ್ಮ ದಾಟಿ ಬಂದಿರುತ್ತದೆ.

ಪ್ರತಿಮೆ ತೋರಿಸುವ ಕೈಯಿಂದಲೇ ಮುಚ್ಚಿಯೂಬಿಡುತ್ತದೆ. ಪತ್ರಿಕೆಗಳಿಗೆ ನರಗುಂದ ಎಂದರೆ ‘ಬಂಡಾಯದ ನೆಲ’. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದವನು ಸಂಸ್ಥಾನಿಕ ಬಾಬಾಸಾಹೇಬ. 1980ರ ಜುಲೈನಲ್ಲಿ ಎದ್ದವರು ಮಲಪ್ರಭಾ ಅಚ್ಚುಕಟ್ಟಿನ ಕರದ ಹೊರೆ ಹೊತ್ತ ರೈತರು. ‘ನೆಲ’ ಎಂಬ ಒಂದೇ ರೂಪಕ ಇಬ್ಬರನ್ನೂ ಒಂದೇ ಬೆಳೆಯಾಗಿಸಿ, ನಡುವಿನ 122 ವರ್ಷಗಳನ್ನೂ ಅರಮನೆ-ಹೊಲದ ಅಂತರವನ್ನೂ ನುಂಗಿ ಕೂತಿದೆ. ರೋಣ ಸೀಮೆಯ ಜಕ್ಕಲಿಯದು ಮತ್ತೊಂದು ಬಗೆ. ‘ಕನ್ನಡ ತಾಯಿ’ ಎಂಬ ಮಾತು ಕವಿಗಳ ಬಾಯಲ್ಲಿ ಇದ್ದಷ್ಟು ದಿನ ಕೇಳಿದವರೆಲ್ಲ ತಂತಮ್ಮ ತಾಯಿಯ ಮುಖವನ್ನೇ ಅಲ್ಲಿ ಇಟ್ಟುಕೊಳ್ಳಬಹುದಿತ್ತು. 1956ರ ಏಕೀಕರಣಕ್ಕೆ ಮೊದಲೇ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಗದುಗಿನ ಕಲಾವಿದ ಸಿ. ಎನ್. ಪಾಟೀಲರಿಂದ ಆ ತಾಯಿ ಭುವನೇಶ್ವರಿಯ ಚಿತ್ರ ಬರೆಸಿದರು. ಹರಿದು ಹಂಚಿಹೋದ ನಾಡಿಗೆ ಒಂದು ಮುಖ ಬೇಕಾಗಿತ್ತು, ಸಿಕ್ಕಿತು. ಆದರೆ ಮುಖ ಸಿಕ್ಕ ಮೇಲೆ ಅವರವರ ಮುಖಕ್ಕೆ ಜಾಗ ಉಳಿಯಲಿಲ್ಲ. ಮಾತು ಬಿಟ್ಟುಕೊಡುವ ಖಾಲಿ ಜಾಗವನ್ನು ಬಣ್ಣ ಬಿಟ್ಟುಕೊಡುವುದಿಲ್ಲ.

ಇಲ್ಲಿ ಇಷ್ಟಕ್ಕೇ ಜಾಗ. ಆದರೆ ಕೆಲಸ ಬೇಕಾದಷ್ಟಿದೆ. ಕುಮಾರವ್ಯಾಸನ ಹತ್ತು ಪರ್ವಗಳಲ್ಲಿ ಉಪಮಾನ ಎಷ್ಟು ಕಡೆ ಮೊದಲು ಬಂದಿದೆ, ಎಷ್ಟು ಕಡೆ ಆಮೇಲೆ, ಮೂರನೆಯ ಸಾಲಿನಲ್ಲೋ ಆರನೆಯದರಲ್ಲೋ ಎಂದು ಒಬ್ಬ ವಿದ್ಯಾರ್ಥಿ ಎಣಿಸತೊಡಗಿದರೂ ಸಾಕು. ಇನ್ನೊಬ್ಬರು ರೋಣ, ನರಗುಂದ, ಗಜೇಂದ್ರಗಡದ ಸಂತೆಗಳಲ್ಲಿ, ಕಣಗಳಲ್ಲಿ, ಕೈಮಗ್ಗದ ಮನೆಗಳಲ್ಲಿ ಜನ ಆಡುವ ‘ಹಂಗ’ಗಳನ್ನು ಕೂಡಿಸಲಿ: ಏನನ್ನು ಯಾವುದರ ಹಂಗ ಅಂದರು, ಯಾವುದನ್ನು ಮೊದಲು ಅಂದರು, ಯಾವುದನ್ನು ಅನ್ನದೆ ಬಿಟ್ಟರು. ಕೈಮಗ್ಗದ ಹೋಲಿಕೆಗಳಿಂದಲೇ ಶುರುಮಾಡುವುದು ಒಳ್ಳೆಯದು. ಮಗ್ಗಗಳ ಸದ್ದು ನಿಂತ ಮನೆಗಳಲ್ಲಿ ಆ ‘ಹಂಗ’ಗಳನ್ನು ಆಡುವವರಿಗೆ ಈಗಾಗಲೇ ವಯಸ್ಸಾಗಿದೆ.